ಹಬ್ಬ ಕಳೆದ ಮೇಲಿನ ಮಂಕು: ಸ್ವಂತ ದುಡಿಮೆಯವರ ಲೆಕ್ಕವೇ ಬೇರೆ

ವಿಜಯದಶಮಿ ಕಳೆದು ಮೂರನೇ ದಿನ. ಬೆಳಗ್ಗೆ ಒಂಬತ್ತೂವರೆ. ಲ್ಯಾಪ್‌ಟಾಪ್ ತೆರೆದೆ. ಆಯುಧ ಪೂಜೆಯ ಕುಂಕುಮ ಮುಚ್ಚಳದ ಮೇಲೆ ಒಣಗಿ ಪುಡಿಯಾಗಿತ್ತು. ಟೈಪ್ ಮಾಡಲು ಹೋದರೆ ಸ್ಪೇಸ್ ಬಾರ್ ಎಡಗಡೆ ಇಳಿಯುತ್ತದೆ, ಬಲಗಡೆ ಇಳಿಯುವುದಿಲ್ಲ. ಬಗ್ಗಿ ನೋಡಿದೆ. ಸಂದಿಯಲ್ಲಿ ಒಂದು ಅಕ್ಷತೆ ಕಾಳು. ಸೂಜಿ ತಂದು ಅದನ್ನು ಎಬ್ಬಿಸುತ್ತಾ ಕೂತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬರಲಿಲ್ಲ. ನಿಜ ಹೇಳಬೇಕೆಂದರೆ ಬರಲಿ ಅಂತ ನನಗೂ ಆಸೆ ಇರಲಿಲ್ಲ. ಅದು ಬಂದುಬಿಟ್ಟರೆ ಕೆಲಸ ಶುರು ಮಾಡಬೇಕಲ್ಲ!

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯ ಒಂದು ಕೋಣೆಯೇ ನನ್ನ ಆಫೀಸು. ಪುಟ ವಿನ್ಯಾಸ ಮಾಡುತ್ತೇನೆ. ಲಗ್ನಪತ್ರಿಕೆ, ಕಾಲೇಜಿನ ಸ್ಮರಣ ಸಂಚಿಕೆ, ಸೊಸೈಟಿಗಳ ವಾರ್ಷಿಕ ವರದಿ, ಹೀಗೆ. ಸಂಬಳದ ಕೆಲಸ ಬಿಟ್ಟು ಹನ್ನೊಂದು ವರ್ಷವಾಯಿತು. ಹನ್ನೊಂದು ದಸರಾ ಕಳೆದ ಮೇಲೂ ಇದೇ ಮಂಕು ಬಂದಿದೆ. ಮೊದಮೊದಲು ಸೋಮಾರಿತನ ಅಂದುಕೊಂಡು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಆಮೇಲೆ ಇದರ ಬಗ್ಗೆ ಸ್ವಲ್ಪ ಓದಿದೆ. ನನ್ನ ಹಾಗೇ ಸ್ವಂತ ಕೆಲಸ ಮಾಡುವ ನಾಲ್ಕು ಜನರ ಹತ್ತಿರ ಮಾತಾಡಿದೆ. ಆಗ ಗೊತ್ತಾಗಿದ್ದು ಇಷ್ಟು: ನಮ್ಮಂಥವರ ಮಂಕಿನಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಕೊಂಡಿರುತ್ತವೆ. ಒಂದು ಮನಸ್ಸಿನ ಬೇಸರ. ಇನ್ನೊಂದು ದುಡ್ಡಿನ ಭಯ. ಸಂಬಳದವರಿಗೆ ಹೆಚ್ಚಾಗಿ ಮೊದಲನೆಯದು ಮಾತ್ರ ಇರುತ್ತದೆ. ನಮಗೆ ಎರಡೂ ಒಟ್ಟಿಗೇ ಬಂದು, ಯಾವುದು ಯಾವುದು ಅಂತಲೇ ತಿಳಿಯುವುದಿಲ್ಲ. ಬೇಸರಕ್ಕೆ ದುಡ್ಡಿನ ಮದ್ದು ಹುಡುಕುತ್ತೇವೆ, ಭಯ ಆದಾಗ ಮೊಬೈಲ್ ಹಿಡಿದು ಮಲಗುತ್ತೇವೆ.

ಎರಡನ್ನೂ ಬಿಡಿಸಿ ನೋಡೋಣ.

ದೀಪ ಆರಿದ ಮೇಲೆ

ದಸರಾ ರಾತ್ರಿ ಅರಮನೆ ಮುಂದೆ ನಿಂತಿದ್ದೀರಾ? ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು. ಅದು ಆರಿದ ಕ್ಷಣ ಸುತ್ತ ಕಗ್ಗತ್ತಲು ಅನ್ನಿಸುತ್ತದೆ. ಬೀದಿ ದೀಪ ಉರಿಯುತ್ತಲೇ ಇರುತ್ತದೆ, ದಿನಾ ಇರುವಷ್ಟೇ ಬೆಳಕು. ಕಣ್ಣು ಮಾತ್ರ ಒಂದು ಲಕ್ಷ ಬಲ್ಬಿಗೆ ಒಗ್ಗಿಹೋಗಿರುತ್ತದೆ. ಮನಸ್ಸಿನ ಕಥೆಯೂ ಹೀಗೇ. ಮನೆ ತುಂಬ ನೆಂಟರು, ಬೊಂಬೆ ನೋಡಲು ಬರುವ ಮಕ್ಕಳು, ಬಂದವರಿಗೆ ಹಂಚಲು ದಿನಕ್ಕೊಂದು ಚರ್ಪು ಅಂದರೆ ತಿಂಡಿ, ಸಂಜೆಯಾದರೆ ಲೈಟಿಂಗ್ ನೋಡಲು ಊರು ಸುತ್ತುವುದು. ಅದಾದ ಮೇಲೆ ಮಾಮೂಲಿ ಮಂಗಳವಾರ ಬಂದರೆ ಅದು ಸಪ್ಪೆ ಅನ್ನಿಸದೆ ಇನ್ನೇನು?

ಈ ಬಗ್ಗೆ ಒಳ್ಳೆಯ ಅಧ್ಯಯನಗಳು ನಡೆದಿವೆ. ನೆದರ್ಲೆಂಡ್ಸ್‌ನ ಸಂಶೋಧಕಿ ಜೆಸಿಕಾ ಡಿ ಬ್ಲೂಮ್ ಮತ್ತು ಜೊತೆಗಾರರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸರಾಸರಿ 23 ದಿನ ರಜೆ ಹಾಕಿದ 54 ನೌಕರರನ್ನು ರಜೆಗೆ ಮುಂಚೆ, ರಜೆಯಲ್ಲಿ, ರಜೆ ಮುಗಿದ ಮೇಲೆ ವಿಚಾರಿಸಿದರು. ಅವರ ನೆಮ್ಮದಿ ಎಂಟನೇ ದಿನದ ಹೊತ್ತಿಗೆ ತುದಿ ಮುಟ್ಟಿತ್ತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದೆಲ್ಲ ಇಳಿದು ಮೊದಲಿದ್ದ ಮಟ್ಟಕ್ಕೆ ಬಂದಿತ್ತು. ಮೂರು ವಾರ ಆರಾಮಾಗಿದ್ದರೂ ಅಷ್ಟೇ. ಆದ್ದರಿಂದ "ಇನ್ನೊಂದು ನಾಲ್ಕು ದಿನ ಜಾಸ್ತಿ ರಜೆ ಹಾಕಿದ್ದಿದ್ದರೆ ಸರಿಹೋಗ್ತಿತ್ತು" ಅಂತ ಕೊರಗುವುದು ಬೇಡ. ಹೋಗ್ತಿರಲಿಲ್ಲ.

ಅದೇ ದೇಶದಲ್ಲಿ 2010ರಲ್ಲಿ 1,530 ಜನರ ಮೇಲೆ ಮತ್ತೊಂದು ಅಧ್ಯಯನ ಬಂತು. ಪ್ರವಾಸ ಹೋಗುವವರು ಹೋಗದವರಿಗಿಂತ ಖುಷಿಯಾಗಿದ್ದರು. ಆದರೆ ಹೋಗುವುದಕ್ಕೆ ಮುಂಚೆ! ಬಂದ ಮೇಲೆ ಹೆಚ್ಚಿನವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ತುಂಬ ನಿರಾಳವಾಗಿ ರಜೆ ಕಳೆದು ಬಂದವರಲ್ಲಿ ಮಾತ್ರ ಖುಷಿ ಸ್ವಲ್ಪ ದಿನ ಉಳಿದಿತ್ತು. ನಮ್ಮ ಅಜ್ಜಿಯಂದಿರಿಗೆ ಇದನ್ನು ಹೇಳಿದರೆ ನಗುತ್ತಾರೆ. ಹಬ್ಬಕ್ಕಿಂತ ಹಬ್ಬದ ಹಿಂದಿನ ದಿನವೇ ಚೆಂದ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಇದರ ಜೊತೆ ಮೈಯ ಲೆಕ್ಕವೂ ಇದೆ. ಹತ್ತು ದಿನ ರಾತ್ರಿ ಹನ್ನೆರಡು, ಒಂದು ಗಂಟೆಗೆ ಮಲಗಿದರೆ ಮೈಯೊಳಗಿನ ಗಡಿಯಾರ ಹಿಂದೆ ಬೀಳುತ್ತದೆ. ಅದನ್ನು ಮುಂದಕ್ಕೆ ತಳ್ಳುವುದು ಬೆಳಗಿನ ಬೆಳಕು. ನಾನು ಮೊದಲ ವಾರ ಏನೇ ಆಗಲಿ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ದಂಡೆಗೆ ಹೋಗುತ್ತೇನೆ. ವ್ಯಾಯಾಮ ಅಂತ ಏನೂ ಇಲ್ಲ. ಸುಮ್ನೆ ಬಿಸಿಲಿಗೆ ಮುಖ ಕೊಟ್ಟು ನಡೆಯುವುದು. ಮೂರು ನಾಲ್ಕು ದಿನಕ್ಕೆ ರಾತ್ರಿ ನಿದ್ದೆ ತಾನಾಗಿ ಬೇಗ ಬರುತ್ತದೆ.

ಇಷ್ಟೂ ಎಲ್ಲರಿಗೂ ಬರುವ ಮಂಕು, ಸಂಬಳದವರಿಗೂ. ಆದರೆ ಅವರಿಗೆ ಆಫೀಸು ಅಂತ ಒಂದಿದೆ. ಹೋದ ತಕ್ಷಣ "ಏನ್ ಗುರು, ಹಬ್ಬ ಜೋರಾ?" ಅಂತ ಕೇಳುವವರಿದ್ದಾರೆ. ಕಾಫಿ ಇದೆ. ಇವತ್ತು ಏನು ಮಾಡಬೇಕು ಅಂತ ಹೇಳಲು ಮೇಲೊಬ್ಬರಿದ್ದಾರೆ. ಅವರನ್ನು ಬೈದುಕೊಂಡಾದರೂ ಕೆಲಸ ಶುರುವಾಗುತ್ತದೆ. ನಮಗೆ ಬೈಯಲೂ ಯಾರಿಲ್ಲ. ತುಂಬಿದ ಮನೆ ಖಾಲಿಯಾಗಿ, ಖಾಲಿ ಕೋಣೆಗೆ ಹೋಗಿ ಕೂರಬೇಕು. ಮೊದಲ ಕೆಲಸ ಯಾವುದು ಅಂತಲೂ ನಾವೇ ಹುಡುಕಿಕೊಳ್ಳಬೇಕು.

ಟೈಲರಕ್ಕನ ಮಿಷನ್

ನಮ್ಮ ಬೀದಿ ಕೊನೆಯಲ್ಲಿ ಒಬ್ಬ ಟೈಲರಕ್ಕ ಇದ್ದಾರೆ. ನವರಾತ್ರಿಗೆ ಮುಂಚಿನ ಹದಿನೈದು ದಿನ ರಾತ್ರಿ ಒಂದು ಗಂಟೆಯಾದರೂ ಅವರ ಮಿಷನ್ ಸದ್ದು ನಿಲ್ಲುವುದಿಲ್ಲ. ಆಯುಧ ಪೂಜೆ ದಿನ ಮಿಷನ್ನಿಗೆ ಅರಿಶಿನ ಕುಂಕುಮ, ಚಕ್ರಕ್ಕೊಂದು ಸೇವಂತಿಗೆ ಹಾರ. ಆಮೇಲೆ ಪೂರ್ತಿ ಮೌನ. ಆ ಮೂರನೇ ದಿನ ಸೂಜಿ ಬಿಸಾಕಿ ಎದ್ದು, ಅವರ ಅಂಗಡಿ ಮುಂದೆ ನಿಂತೆ.

"ಏನಕ್ಕ, ಸದ್ದೇ ಇಲ್ಲ?"

"ಹಬ್ಬದ ಮುಂದೆ ಉಸಿರಾಡಕ್ಕೂ ಬಿಡ್ಲಿಲ್ಲ ಕಣಪ್ಪ. ಈಗ ಸೀರೆಗೊಂದು ಫಾಲ್ಸ್ ಹಾಕ್ಸಕ್ಕೂ ಜನ ಇಲ್ಲ. ಸುಮ್ನೆ ಕೂತ್ರೆ ತಲೆಯೊಳಗೆ ಏನೇನೋ ಓಡುತ್ತೆ."

ಅವರ ಮಾತಿನಲ್ಲಿ ಎರಡು ಸಂಗತಿ ಇವೆ. ಒಂದು, ಸ್ವಂತ ಕೆಲಸದವರು ರಜೆಗೆ ಹೋಗುವುದೇ ಸುಸ್ತಾಗಿ. ಹತ್ತು ದಿನದ ಕೆಲಸವನ್ನು ಮುಂಚೆಯೇ ಮುಗಿಸಿ ಹೋಗಬೇಕು, ಯಾಕೆಂದರೆ ನಮ್ಮ ಬದಲಿಗೆ ಮಾಡುವವರಿಲ್ಲ. ಆ ದಣಿವು ಹಬ್ಬದ ಗದ್ದಲದಲ್ಲಿ ಕಾಣುವುದಿಲ್ಲ, ಗದ್ದಲ ನಿಂತಾಗ ಮೇಲೆ ಬರುತ್ತದೆ. ಇನ್ನೊಂದು, ಆ ತಲೆಯೊಳಗೆ ಓಡುವ "ಏನೇನೋ". ಅದರಲ್ಲಿ ಮುಕ್ಕಾಲು ಪಾಲು ದುಡ್ಡೇ.

ಸಂಬಳದವರು ರಜೆಯಲ್ಲಿ ಖರ್ಚು ಮಾಡುತ್ತಾರೆ. ನಾವು ಖರ್ಚೂ ಮಾಡುತ್ತೇವೆ, ಆ ದಿನಗಳ ದುಡಿಮೆಯನ್ನೂ ಬಿಡುತ್ತೇವೆ. ಎರಡು ಕಡೆಯಿಂದ ಇಳಿತ. ಹಾಗಂತ ಹಬ್ಬದ ಮಧ್ಯೆ ಫೋನ್ ಬಂದರೆ "ಒಂದೇ ನಿಮಿಷ" ಅಂತ ಎದ್ದು ಹೋಗುತ್ತೇವೆ. ಜಂಬೂಸವಾರಿ ನೋಡುತ್ತಾ ಪ್ರೂಫ್ ತಿದ್ದಿದ್ದೇನೆ ನಾನು. ಆನೆ ಅಭಿಮನ್ಯು ಅಂಬಾರಿ ಹೊತ್ತು ಎದುರಿಗೇ ಹೋಗುತ್ತಿದ್ದಾನೆ, ನಾನು ಮೊಬೈಲಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ನೋಡುತ್ತಿದ್ದೇನೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನ್ನೆನ್‌ಟಾಗ್ ವರ್ಷಾನುಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ದಣಿವು ಆರಬೇಕಾದರೆ ಮೈ ಮಾತ್ರ ಕೆಲಸದಿಂದ ದೂರ ಇದ್ದರೆ ಸಾಲದು, ಮನಸ್ಸೂ ಬಿಟ್ಟುಬರಬೇಕು ಅನ್ನುತ್ತಾರೆ ಅವರು. ನಮ್ಮದು ಅರ್ಧ ರಜೆ. ಕೆಲಸವೂ ಆಗಿಲ್ಲ, ವಿಶ್ರಾಂತಿಯೂ ಆಗಿಲ್ಲ. ಹಾಗಾಗಿ ಮುಗಿದ ಮೇಲೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಇದರ ಮೇಲೆ ಮೈಸೂರು ಕಡೆಯ ಒಂದು ಕ್ಯಾಲೆಂಡರ್ ತೊಂದರೆ ಇದೆ. ವಿಜಯದಶಮಿಯಿಂದ ನರಕ ಚತುರ್ದಶಿಗೆ ಹೆಚ್ಚುಕಡಿಮೆ ಹತ್ತೊಂಬತ್ತು ದಿನ. ಈ ಹತ್ತೊಂಬತ್ತು ದಿನ ಗಿರಾಕಿಗಳು ಅರ್ಧ ಮನಸ್ಸಿನಲ್ಲಿರುತ್ತಾರೆ. ಬಾಕಿ ಕೇಳಿದರೆ ಒಂದೇ ಉತ್ತರ: "ದೀಪಾವಳಿ ಕಳೀಲಿ ಸಾರ್, ಒಟ್ಟಿಗೇ ಕೊಟ್ಬಿಡ್ತೀನಿ." ಜಿಎಸ್‌ಟಿ ರಿಟರ್ನ್ ಪ್ರತಿ ತಿಂಗಳು ಹಾಕುವವರಿಗೆ 11 ಮತ್ತು 20ನೇ ತಾರೀಖಿನ ಗಡುವು ಮಾತ್ರ ಹಬ್ಬ ನೋಡಿಕೊಂಡು ಬರುವುದಿಲ್ಲ.

ಭಯಕ್ಕೆ ಕಾಗದ, ಪೆನ್ನು

ದುಡ್ಡಿನ ಭಯದ ಗುಣ ಏನೆಂದರೆ, ತಲೆಯೊಳಗೆ ಇದ್ದಷ್ಟು ಹೊತ್ತು ಅದಕ್ಕೆ ಅಳತೆ ಇರುವುದಿಲ್ಲ. ಕಾಗದದ ಮೇಲೆ ಇಳಿಸಿದರೆ ಒಂದು ಅಂಕಿ ಸಿಗುತ್ತದೆ. ಅಂಕಿ ದೊಡ್ಡದೇ ಇರಬಹುದು, ಆದರೂ ಅದರ ಜೊತೆ ಮಾತಾಡಬಹುದು.

ಮೊದಲನೇ ದಿನ ಮೂರು ಸಾಲು ಬರೆಯಿರಿ. ಕೈಯಲ್ಲಿರುವುದು ಎಷ್ಟು, ಬರಬೇಕಾದದ್ದು ಎಷ್ಟು, ಈ ತಿಂಗಳು ಕೊಡಲೇಬೇಕಾದದ್ದು ಎಷ್ಟು. ಅಷ್ಟೇ. ಹಬ್ಬಕ್ಕೆ ಎಷ್ಟು ಖರ್ಚಾಯಿತು ಅಂತ ಅವತ್ತೇ ಕೂಡಿಸಲು ಹೋಗಬೇಡಿ. ಅದು ಆಗಿಹೋಗಿದೆ.

ಆಮೇಲೆ, ಪುರುಸೊತ್ತಾದಾಗ, ಇನ್ನೊಂದು ಲೆಕ್ಕ ಮಾಡಬೇಕು. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಒಂದು ಮನೆಗೆ, ಕೆಲಸಕ್ಕೆ ಸೇರಿ ತಿಂಗಳಿಗೆ 40,000 ರೂಪಾಯಿ ಬೇಕು ಅಂತ ಇಟ್ಟುಕೊಳ್ಳೋಣ. ಹೆಚ್ಚಿನವರು ಅದನ್ನು 30ರಿಂದ ಭಾಗಿಸಿ, ದಿನಕ್ಕೆ 1,333 ರೂಪಾಯಿ ದುಡಿದರೆ ಸಾಕು ಅಂದುಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ. ವರ್ಷಕ್ಕೆ 365 ದಿನ. ಭಾನುವಾರ 52 ಕಳೆಯಿರಿ. ಹಬ್ಬ, ಮದುವೆ, ತಿಥಿ ಅಂತ 25 ಕಳೆಯಿರಿ. ಜ್ವರ, ಕಂಪ್ಯೂಟರ್ ಕೆಡುವುದು, ಇವಕ್ಕೆ 10. ಬಿಲ್ ಬರೆಯುವುದು, ಬಾಕಿ ವಸೂಲಿಗೆ ಅಲೆಯುವುದು, ಕೆಲಸವೇ ಇಲ್ಲದೆ ಕೂರುವುದು, ಇದಕ್ಕೆ 48 ಹಿಡಿಯಿರಿ. ಉಳಿದದ್ದು 230 ದಿನ. ವರ್ಷಕ್ಕೆ ಬೇಕಾದ 4,80,000ವನ್ನು 230ರಿಂದ ಭಾಗಿಸಿದರೆ ದಿನಕ್ಕೆ 2,087 ರೂಪಾಯಿ. ತೆರಿಗೆ, ಉಳಿತಾಯ ಸೇರಿಸಿದರೆ ಇನ್ನೂ ಮೇಲೆ.

1,333ರ ಲೆಕ್ಕದಲ್ಲಿ ದರ ಹೇಳುವವರಿಗೆ ಒಂದೊಂದು ಹಬ್ಬವೂ ನಷ್ಟವೇ. 2,087ರ ಲೆಕ್ಕದಲ್ಲಿ ಹೇಳುವವರಿಗೆ ದಸರಾದ ರಜೆಯ ದುಡ್ಡು ಜೂನ್ ತಿಂಗಳ ಬಿಲ್ಲಿನಲ್ಲೇ ಬಂದಿರುತ್ತದೆ. ಆದರೆ ಬಂದದ್ದು ಜೂನ್‌ನಲ್ಲೇ ಖರ್ಚಾಗಿಬಿಟ್ಟರೆ ಏನು ಬಂತು? ಅದಕ್ಕೆ ಹಬ್ಬದ ಡಬ್ಬಿ ಅಂತ ಬೇರೆ ಉಳಿತಾಯ ಖಾತೆ ಇಟ್ಟಿದ್ದೇನೆ. ದುಡಿಯುವ 230 ದಿನಕ್ಕೆ ಹಬ್ಬದ 25 ಸೇರಿಸಿದರೆ 255. ಅದರಲ್ಲಿ 25 ಅಂದರೆ ಹೆಚ್ಚುಕಡಿಮೆ ಹತ್ತಕ್ಕೊಂದು. ಆದ್ದರಿಂದ ಯಾರು ದುಡ್ಡು ಕೊಟ್ಟರೂ ಹತ್ತಕ್ಕೊಂದು ಪಾಲು ಡಬ್ಬಿಗೆ. ಹಬ್ಬದ ವಾರ ಅದರಿಂದ ನನಗೆ ನಾನೇ ಸಂಬಳ ಹಾಕಿಕೊಳ್ಳುತ್ತೇನೆ. ಮೊದಲ ಸಲ ಹಾಗೆ ಮಾಡಿದಾಗ ಹೆಂಡತಿ ನಕ್ಕಳು. ನಗಲಿ.

ಇನ್ನು ಗಿರಾಕಿಗಳಿಂದ ಬರಬೇಕಾದ ಬಾಕಿಯ ವಿಷಯ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಬೆಂಬಲ ಇದೆ. ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಗಿರಾಕಿ ದುಡ್ಡು ಕೊಡಬೇಕು. ತಡವಾದರೆ ಬಡ್ಡಿ ಕಟ್ಟಬೇಕು, ಅದೂ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು. ಹತ್ತು ವರ್ಷದ ಗಿರಾಕಿಯ ಮುಂದೆ ಕಾಯ್ದೆ ತೆಗೆದರೆ ಸಂಬಂಧ ಉಳಿಯುತ್ತದಾ? ಇಲ್ಲ. ನಾನು ಯಾರಿಗೂ ತೋರಿಸಿಲ್ಲ. ಆದರೆ ಗೊತ್ತಿದ್ದರೆ ಫೋನಿನಲ್ಲಿ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

ಇನ್ನೊಂದನ್ನು ಕೈ ಸುಟ್ಟುಕೊಂಡು ಕಲಿತೆ. ಮಂಕು ಇರುವ ವಾರ ಯಾರಿಗೂ ಹೊಸ ದರ ಹೇಳಬಾರದು. ಒಂದು ವರ್ಷ ದಸರಾ ಆದ ಮೇಲೆ ಎರಡು ದಿನ ಫೋನೇ ಬರಲಿಲ್ಲ. ಇನ್ನು ನನಗೆ ಕೆಲಸವೇ ಬರುವುದಿಲ್ಲ ಅಂತ ಖಾತ್ರಿಯಾಗಿಬಿಟ್ಟಿತು. ಅಷ್ಟರಲ್ಲಿ ಒಬ್ಬರು 180 ಪುಟದ ಸ್ಮರಣ ಸಂಚಿಕೆ ತಂದರು. ಅರ್ಧ ದರಕ್ಕೆ ಒಪ್ಪಿಕೊಂಡೆ. ಮಾರನೇ ದಿನ ಮೂರು ಲಗ್ನಪತ್ರಿಕೆ ಬಂದವು, ಪೂರ್ತಿ ದರದ್ದು. ತುಳಸಿ ಹಬ್ಬ ಕಳೆದರೆ ಮದುವೆ ಸಾಲು ಶುರು, ಪತ್ರಿಕೆ ಬಂದೇ ಬರುತ್ತವೆ. ಹನ್ನೊಂದು ವರ್ಷದಿಂದ ಬರುತ್ತಿವೆ. ಆ ಎರಡು ದಿನ ಅದು ನೆನಪಿಗೇ ಬರಲಿಲ್ಲ. ಈಗ ಯಾರಾದರೂ ಕೇಳಿದರೆ "ಸೋಮವಾರ ಹೇಳ್ತೀನಿ ಸಾರ್" ಅನ್ನುತ್ತೇನೆ. ಸಂಬಳದ ಕೆಲಸಕ್ಕೆ ವಾಪಸ್ ಹೋಗಲಾ, ರೂಮು ಬದಲಾಯಿಸಲಾ, ಇಂಥ ಯೋಚನೆಗಳಿಗೂ ಅದೇ ಸೋಮವಾರ. ಪ್ರತಿ ವರ್ಷ ಈ ವಾರ ನಾನೊಂದು ಕೆಲಸಕ್ಕೆ ಅರ್ಜಿ ತುಂಬುತ್ತೇನೆ. ಒಂದನ್ನೂ ಕಳಿಸಿಲ್ಲ.

ಮರಳು ಮೂಟೆ ಮೊದಲು

ಚಿನ್ನದ ಅಂಬಾರಿ 750 ಕೆಜಿ. ಅಭಿಮನ್ಯು 2020ರಿಂದ ಅದನ್ನು ಹೊತ್ತವನು. ಅಷ್ಟು ಅನುಭವ ಇದ್ದರೂ ಅವನ ಬೆನ್ನಿಗೆ ಯಾರೂ ಕಾಡಿನಿಂದ ಬಂದ ದಿನವೇ ಅಂಬಾರಿ ಕಟ್ಟಲಿಲ್ಲ. ವಾರಗಟ್ಟಲೆ ತಾಲೀಮು. ಮೊದಲು ಬರಿಮೈಯಲ್ಲಿ ಅರಮನೆಯಿಂದ ಬನ್ನಿಮಂಟಪದ ತನಕ ನಡಿಗೆ. ಆಮೇಲೆ ಮರಳು ಮೂಟೆ. ದಿನ ಕಳೆದ ಹಾಗೆ ಭಾರ ಜಾಸ್ತಿ. ಆಮೇಲೆ ಮರದ ಅಂಬಾರಿ. ಆನೆಗೇ ಇಷ್ಟು ಮರ್ಯಾದೆ ಕೊಡುವಾಗ, ನಾವು ಮಾತ್ರ ಹಬ್ಬ ಮುಗಿದ ಮಾರನೇ ಬೆಳಗ್ಗೆ ಹತ್ತು ದಿನದ ಬಾಕಿ ಕೆಲಸವನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು, ಏಳಕ್ಕಾಗದೆ ಒದ್ದಾಡುತ್ತೇವೆ.

ನಮ್ಮ ಹಿರಿಯರು ಇದಕ್ಕೆ ಒಂದು ದಿನವನ್ನೇ ಎತ್ತಿಟ್ಟಿದ್ದರು. ಹಳೇ ಮೈಸೂರು ಕಡೆ ಸಂಕ್ರಾಂತಿ, ಯುಗಾದಿಯ ಮಾರನೇ ದಿನವನ್ನು ಕರಿ ಅನ್ನುತ್ತಾರೆ. ಅವತ್ತು ಹೊಸ ಕೆಲಸಕ್ಕೆ ಕೈ ಹಾಕಬಾರದು, ದೂರ ಪ್ರಯಾಣ ಹೋಗಬಾರದು. ಮಂಡ್ಯ ಕಡೆ ಯುಗಾದಿ ಮಾರನೇ ದಿನ ಹೊಸತೊಡಕು, ಬಾಡೂಟ ಮಾಡಿ ಮಲಗುವುದು. ಶಕುನದ ಮಾತು ಬಿಡಿ. ಹಬ್ಬಕ್ಕೂ ಕೆಲಸಕ್ಕೂ ನಡುವೆ ಒಂದು ಮೆಟ್ಟಿಲು ಸಿಗುತ್ತದಲ್ಲ, ಅದು ಮುಖ್ಯ. ನಾನೂ ಒಂದು ಕರಿ ಇಟ್ಟುಕೊಂಡಿದ್ದೇನೆ. ಗಿರಾಕಿಗಳಿಗೆ ಕೆಲಸ ಶುರುವಾಗುವ ತಾರೀಖು ಒಂದು ದಿನ ಮುಂದಕ್ಕೇ ಹೇಳಿರುತ್ತೇನೆ. ಆ ದಿನ ಬೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತೇವೆ. ಪಟ್ಟದ ಗೊಂಬೆ ಕೊನೆಗೆ. ಕೈಗೆ ಕೆಲಸ, ತಲೆಗೆ ಪುರುಸೊತ್ತು.

ಮಾರನೇ ದಿನ ಎರಡು ಗಂಟೆ ಮಾತ್ರ ಕೂರುವುದು. ಬ್ಯಾಕಪ್, ಹಳೇ ಫೈಲು ಸಾಗಿಸುವುದು, ಬಿಲ್ ಬರೆಯುವುದು, ಬುದ್ಧಿ ಬೇಡದ ಕೆಲಸಗಳು. ಅದರ ಮಾರನೇ ದಿನ ಅರ್ಧ ದಿನ. ಮೂರು ನಾಲ್ಕನೇ ದಿನಕ್ಕೆ ಪೂರ್ತಿ.

ಮೊದಲ ಕೆಲಸ ಯಾವುದು ಅನ್ನುವುದನ್ನು ಹಬ್ಬಕ್ಕೆ ಮುಂಚೆಯೇ ಚೀಟಿಯಲ್ಲಿ ಬರೆದಿಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದು: ಮುಗಿಯದ ಕೆಲಸ ತಲೆ ಕೊರೆಯುತ್ತಿರುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದು ಅಂತ ಸ್ಪಷ್ಟವಾಗಿ ಗೊತ್ತು ಮಾಡಿಕೊಂಡರೆ, ಕೆಲಸ ಮುಗಿಯದಿದ್ದರೂ ಕೊರೆತ ನಿಲ್ಲುತ್ತದೆ. ಚೀಟಿ ಸ್ಪಷ್ಟವಾಗಿರಬೇಕು. "ವಾರ್ಷಿಕ ವರದಿ" ಅಂತ ಬರೆದರೆ ಉಪಯೋಗವಿಲ್ಲ. "14ನೇ ಪುಟದ ಕೋಷ್ಟಕ, ಎರಡನೇ ಕಾಲಂ ಸರಿಮಾಡು" ಅಂತ ಬರೆಯಬೇಕು. ಈ ಸಲ ನಾನು ಚೀಟಿ ಬರೆದಿರಲಿಲ್ಲ. ಅಕ್ಷತೆ ಕಾಳಿನ ಜೊತೆ ಗುದ್ದಾಡುತ್ತಾ ಕೂತದ್ದು ಅದಕ್ಕೇ.

ಒಂಟಿತನಕ್ಕೆ ಸುಲಭದ ಉಪಾಯ, ಹನ್ನೊಂದು ಗಂಟೆಗೆ ಹತ್ತಿರದ ದರ್ಶಿನಿಯಲ್ಲಿ ಕಾಫಿ, ನಿಮ್ಮ ಹಾಗೇ ಸ್ವಂತ ಕೆಲಸ ಮಾಡುವ ಒಬ್ಬರ ಜೊತೆ. ಮುಂದಿನ ತಿಂಗಳ ಒಂದು ದಿನವನ್ನು ಈಗಲೇ ಎತ್ತಿಡಿ, ಕಾಯುವುದರಲ್ಲೇ ಖುಷಿ ಇದೆ ಅಂತ ಮೇಲೆ ನೋಡಿದೆವಲ್ಲ. ದೊಡ್ಡ ಪ್ರವಾಸ ಏನೂ ಬೇಡ. ನಾನು ನವೆಂಬರಿನ ಒಂದು ಶುಕ್ರವಾರಕ್ಕೆ ಮೇಲುಕೋಟೆ ಬರೆದಿಟ್ಟಿದ್ದೇನೆ. ಬೆಟ್ಟ ಹತ್ತುವುದು, ಪುಳಿಯೋಗರೆ ತಿನ್ನುವುದು, ಬರುವುದು.

ಇದೆಲ್ಲ ಮಾಮೂಲಿ ಮಂಕಿಗೆ. ಇದು ಕಾಯಿಲೆ ಅಲ್ಲ, ವೈದ್ಯರ ಪುಸ್ತಕದಲ್ಲಿ ಇದಕ್ಕೊಂದು ಹೆಸರೂ ಇಲ್ಲ. ಒಂದೆರಡು ವಾರದಲ್ಲಿ ಹೋಗುತ್ತದೆ. ಆದರೆ ಎರಡು ವಾರ ದಾಟಿದರೂ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸಿದರೆ, ಅದು ಖಿನ್ನತೆ ಇರಬಹುದು. ಬದುಕೇ ಬೇಡ ಅನ್ನಿಸಿದರಂತೂ ಎರಡು ವಾರ ಕಾಯಲೇಬೇಡಿ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಲ, ಬಾಕಿ, ಕೆಲಸ ಇಲ್ಲ ಅನ್ನುವ ಕಾರಣಕ್ಕೆ ಕುಗ್ಗಿದವರು "ನಮ್ಮದು ದುಡ್ಡಿನ ಸಮಸ್ಯೆ, ಡಾಕ್ಟರ್ ಏನು ಮಾಡ್ತಾರೆ" ಅಂತ ಸುಮ್ಮನಿರುವುದು ಜಾಸ್ತಿ. ಬಾಕಿ ತೀರಿದ ಮೇಲೂ ಕುಗ್ಗಿಯೇ ಇದ್ದವರನ್ನು ನಾನು ನೋಡಿದ್ದೇನೆ.

ಟೈಲರಕ್ಕ ಅವತ್ತು ಸುಮ್ನೆ ಕೂತಿರಲಿಲ್ಲ. ಮಿಷನ್ನಿನ ಹೊಟ್ಟೆ ಬಿಚ್ಚಿ, ಹಬ್ಬದ ಬಟ್ಟೆಗಳ ನೂಲು, ಧೂಳು ತೆಗೆದು ಎಣ್ಣೆ ಬಿಡುತ್ತಿದ್ದರು. ನಾನು ಹೊರಡುವಾಗ ಕರೆದು, ಅಂಗಡಿಗೆ ಹೊಸ ದರಪಟ್ಟಿ ಮಾಡಿಕೊಡು ಅಂದರು. ದೀಪಾವಳಿಗೆ ಮುಂಚೆ ಬೇಕಂತೆ. ಹಳೇ ಪಟ್ಟಿಯ ದರವನ್ನೇ ಹಾಕಲಾ ಅಂತ ಕೇಳಿದೆ.

"ಅಯ್ಯೋ, ಹಳೇದು ಯಾಕಪ್ಪ? ಎಲ್ಲಕ್ಕೂ ಐವತ್ತು ಸೇರ್ಸು. ಮದುವೆ ಸೀಸನ್ ಬರ್ತಾ ಇದೆ."

ಮನೆಗೆ ಬಂದು ಟೈಪ್ ಮಾಡಲು ಕೂತೆ. ಸ್ಪೇಸ್ ಬಾರ್ ಇನ್ನೂ ಹಾಗೇ ಇತ್ತು. ಮೊದಲ ಕರಡಿನಲ್ಲಿ ಲೈನಿಂಗ್‌ಬ್ಲೌಸು, ಸೀರೆಕುಚ್ಚು, ಫಾಲ್ಸ್‌ಜಿಗ್‌ಜಾಗ್ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು.